ಎಲ್ಲರಿಗೂ ಅರ್ಥವಾದ ಪಾಠ

ಹೈದರಾಬಾದ್, ಗುರುವಾರ

ಅಕ್ಕಾ,

ತರಬೇತಿಗೆ ಬಂದು ಸೇರಿದ್ದೇನೆ. ಸೊರಬದಿಂದ ಹೊತ್ತು ತಂದ ಕೆಮ್ಮು ಇಳಿದಿದೆ. ಇಲ್ಲಿ ಊಟ ವಿಪರೀತ ಖಾರ, ಮಜ್ಜಿಗೆ ಸಿಗುವುದರಿಂದ ಬದುಕಿದೆ.

ನಿನ್ನೆ ಇಂಗ್ಲಿಷ್ ಮೇಷ್ಟ್ರುಗಳಾದ ನಮ್ಮನ್ನೆಲ್ಲ ಮಕ್ಕಳಂತೆ ಬೆಂಚಿನ ಮೇಲೆ ಕೂರಿಸಿ, ಮಿಜೋರಾಮಿನ ಮೇಡಂ ಒಬ್ಬರು ತಮ್ಮ ಭಾಷೆಯಲ್ಲೇ ಪೂರ್ತಿ ಪಾಠ ಮಾಡಿದರು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಗೆ ಅವರು ಇಂಗ್ಲಿಷಿನಲ್ಲಿ, ಅರ್ಥವಾಯಿತೇ ಎಂದು ಕೇಳಿದ್ದೇ ತಡ, ಎಲ್ಲರೂ ಒಟ್ಟಿಗೆ "ಯೆಸ್ ಮೇಡಂ" ಎಂದು ಕೂಗಿಬಿಟ್ಟೆವು. ನನ್ನ ದನಿಯೇ ಜೋರಾಗಿತ್ತು.

ನನಗೆ ನಿನ್ನ ಮಗಳು ಶ್ರೀರಂಜಿನಿ ನೆನಪಾದಳು. ಹೋದ ತಿಂಗಳು ಅವಳು ಇಂಗ್ಲಿಷಿನಲ್ಲಿ ಫೇಲಾದಾಗ ನೀನು, "ನಿನ್ ಪಾಠ ಅವ್ಳಿಗೆ ತಿಳೀತದೇನೋ?" ಎಂದು ಕೇಳಿದ್ದೆ. "ಕ್ಲಾಸಲ್ಲಿ ದಿನಾ ಅರ್ಥ ಆಯ್ತಾ ಅಂತ ಕೇಳ್ತೀನಕ್ಕ, ಆಯ್ತು ಸಾರ್ ಅಂತಾಳೆ" ಎಂದೆ ನಾನು. ನೀನು ಅವಳನ್ನು ಸೋಮಾರಿ ಎಂದು ಬೈದು, ಬೆನ್ನಿಗೆ ಎರಡು ಕೊಟ್ಟೆ.

ಕಾಗದದಲ್ಲಿ ಜಾಗ ಮುಗಿಯಿತು. ಅವಳಿಗೆ ಇದನ್ನು ಓದಿ ಹೇಳು. ಆ ಏಟು ನನಗೆ ಬೀಳಬೇಕಿತ್ತು.

ನಿನ್ನ ತಮ್ಮ,
ಮಧುಕೇಶ್ವರ