ದನಿಯಷ್ಟೇ ಇದ್ದ ತೊಟ್ಟಿಲು

ಮಿರಜ
೧೭ ನವೆಂಬರ್ ೨೦೨೫

ಖಂಡೇರಾಜುರಿಯ ಅನುಸೂಯಾ ಆತ್ಯಾ ಅವರಿಗೆ,
ನಿಮ್ಮ ಅಣ್ಣ ಹಣಮಂತನ ಮಗಳು ಸುಖದಾ ಮಾಡುವ ನಮಸ್ಕಾರಗಳು.

ನಾನು ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಶಾಲೆ ಕಲಿತದ್ದು ಮರಾಠಿಯಲ್ಲಿ, ಕನ್ನಡ ಬರೆಯಲು ಕಲಿಸಿದವಳು ಅವ್ವ.

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೇನೆ. ಒಂಬತ್ತು ತುಂಬುತ್ತ ಬಂತು. ಕೂತು ಕೂತು ಬೇಸರವಾಗಿ, ನನ್ನ ತೊಟ್ಟಿಲ ಕಾರ್ಯದ ಹಳೆಯ ಸಿಡಿ ಹಾಕುವುದೇ ಕೆಲಸವಾಯಿತು. ನೋಡುವುದೇನು ಬಂತು, ಕೇಳುವುದು! ನಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ದನಿ ಉಂಟು, ಚಿತ್ರ ಇಲ್ಲ. ಕಪ್ಪು ಪರದೆಯ ಹಿಂದೆ ಜೋಗುಳ, ಆಮೇಲೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ‘ಕುರ್ರ್’. ಬೇರೆಯವರ ಮನೆಗಳಲ್ಲಿ ಹೆಸರಿಡುವ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದಿ ನಗುತ್ತಾರೆ. ನಮ್ಮ ಸಿಡಿಯಲ್ಲಿ ಮಾತ್ರ ಅಲ್ಲಿ ಗುದ್ದೂ ಇಲ್ಲ, ನಗುವೂ ಇಲ್ಲ. ಏಕೆಂದು ಕೇಳಿದರೆ ಅವ್ವ, ‘ನಿಮ್ಮ ಆತ್ಯಾ ಸಿಟ್ಟಿಲೆ ಬರಲೇ ಇಲ್ಲ. ಓಣ್ಯಾನ ಮಾಯವ್ವ ಹೆಸರಿಟ್ಲು. ಪರರಿಗೆ ಯಾರು ಗುದ್ದತಾರ?’ ಎನ್ನುತ್ತಿದ್ದಳು. ನಂಬಿದ್ದೆ. ನಿಮ್ಮ ಮೇಲೆ ಬೇಕಾದಷ್ಟು ಕೋಪವೂ ಇತ್ತು.

ನನ್ನ ಗಂಡ ಅಜಿಂಕ್ಯ ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಇರುವವನು. ನಿನ್ನೆ ಭಾನುವಾರ ನನ್ನನ್ನು ನೋಡಲು ಬಂದವನು ಕಂಪ್ಯೂಟರಿಗೇ ಅಂಟಿಕೊಂಡ. ಮೊದಲು ಸಿಡಿಯ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅದರ ಹೆಸರಿನ ಬಾಲ ಕತ್ತರಿಸಿ ಎವಿಐ ಇದ್ದದ್ದನ್ನು ಎಂಪಿ೪ ಮಾಡಿದ. ಡಬ್ಬಿಯ ಮೇಲಿನ ಚೀಟಿ ಬದಲಿಸಿದರೆ ಒಳಗಿನ ಉಪ್ಪು ಸಕ್ಕರೆಯಾದೀತೇ ಎಂದು ನಾನು ಚೇಷ್ಟೆ ಮಾಡಿದೆ. ಆಮೇಲೆ ತಿಳಿಯಿತು, ಚಿತ್ರವನ್ನು ಯಾವುದೋ ಹಳೆಯ ಕೋಡೆಕ್‌ನಲ್ಲಿ ಅಡಕಿದ್ದರಂತೆ, ಈಗಿನ ಕಂಪ್ಯೂಟರಿಗೆ ಅದನ್ನು ಬಿಚ್ಚಲು ಬರುವುದಿಲ್ಲವಂತೆ. ದನಿಯ ಕೋಡೆಕ್ ಬೇರೆ, ಹಾಗಾಗಿ ಅದು ಕೇಳುತ್ತಿತ್ತು. ಅಡುಗೆಮನೆಯಿಂದ ಅವ್ವ, ‘ಹಾಡು ಕೇಳತೈತಲ್ರಿ ಅಳಿಯಂದ್ರ, ಸಾಕು ಬಿಡ್ರಿ’ ಎಂದು ಮತ್ತೆ ಮತ್ತೆ ಅಂದಳು. ಅಳಿಯಂದಿರು ಬಿಡಲಿಲ್ಲ. ಬೇರೆ ಪ್ಲೇಯರ್ ಹಾಕಿದರೆ ಬರೀ ಹಸಿರು ಚೌಕಗಳು. ಕೊನೆಗೆ ಇಡೀ ಫೈಲನ್ನೇ ಹೊಸ ಕೋಡೆಕ್‌ಗೆ ಬದಲಿಸಿದ.

ಚಿತ್ರ ಬಂತು ಆತ್ಯಾ.

ತೊಟ್ಟಿಲಿಗೆ ಬಾಗಿ ಹೆಸರು ಹೇಳುತ್ತಿದ್ದವರು ನೀವು. ಅಪ್ಪನ ಮೂಗು, ಅಪ್ಪನ ಗಲ್ಲ, ಗುರುತು ಹತ್ತದೆ ಇರುತ್ತದೆಯೇ? ಬಂದಿದ್ದರಲ್ಲ ಎಂದು ಖುಷಿಯಿಂದ ಚೀರಿದೆ. ಚೀರಿದ ಬಾಯಿ ಹಾಗೇ ಉಳಿಯಿತು. ನಿಮ್ಮ ತಲೆಗೆ, ಕಿವಿ ಮುಚ್ಚುವಂತೆ, ಬಾಣಂತಿಯ ಸ್ಕಾರ್ಫ್ ಕಟ್ಟಿತ್ತು. ಪಕ್ಕದಲ್ಲಿ ಅವ್ವ ಜರಿ ಸೀರೆಯುಟ್ಟು, ಮುಡಿ ತುಂಬ ಅಬ್ಬಲಿ ಮುಡಿದು, ನೆಟ್ಟಗೆ ನಿಂತಿದ್ದಳು. ನಿಮ್ಮದೂ ಆಗತಾನೆ ಹೆರಿಗೆಯಾಗಿತ್ತೇನೋ ಎಂದುಕೊಂಡೆ. ಆದರೆ ಇದ್ದದ್ದು ಒಂದೇ ತೊಟ್ಟಿಲು. ಹಸಿ ಬಾಣಂತಿಯ ಬೆನ್ನಿಗೆ ಯಾರು ಗುದ್ದುತ್ತಾರೆ ಆತ್ಯಾ?

ಅವ್ವ ಬಾಗಿಲಲ್ಲೇ ಕುಸಿದು ಕೂತಳು. ತನ್ನ ಮೂರು ಬಸಿರು ಇಳಿದುಹೋಗಿದ್ದು, ನೀವು ಹೆತ್ತ ನನ್ನನ್ನು ನಿಮ್ಮ ಉಡಿಯಿಂದ ತನ್ನ ಉಡಿಗೆ ಹಾಕಿದ್ದು, ಆಕೆ ಅಳುತ್ತಲೇ ಹೇಳಿದಳು. ಕೂಸಿಗೆ ತಿಳಿಯಬಾರದು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು ಅಪ್ಪ ನಿಮ್ಮಿಂದ ಆಣೆ ಹಾಕಿಸಿಕೊಂಡರಂತೆ. ಅಪ್ಪ ತೀರಿಕೊಂಡಾಗಲೂ ನೀವು ಬರಲಿಲ್ಲ. ಬಸ್ಸಿನಲ್ಲಿ ಒಂದು ಜೊಂಪು ಹತ್ತುವಷ್ಟು ದೂರವಿಲ್ಲ ನಿಮ್ಮ ಊರು! ನನಗೆ ಸಿಟ್ಟು ಬಂದಿದೆ. ಅಪ್ಪನ ಮೇಲೆ, ಅವ್ವನ ಮೇಲೆ, ಆಣೆ ಪಾಲಿಸಿದ ನಿಮ್ಮ ಮೇಲೆ. ರಾತ್ರಿ ಅವ್ವ ಕಲಸಿ ಕೊಟ್ಟ ಅನ್ನ ಉಣ್ಣಲಿಲ್ಲ. ಬೆಳಿಗ್ಗೆ ಆಕೆಯ ಸಪ್ಪೆ ಮುಖ ನೋಡಲಾಗದೆ ಉಂಡೆ.

ಡಾಕ್ಟರು ಪ್ರಯಾಣ ಬೇಡವೆಂದಿದ್ದಾರೆ, ಇಲ್ಲದಿದ್ದರೆ ನಾನೇ ಬಂದು ನಿಮ್ಮ ಬಾಗಿಲು ಬಡಿಯುತ್ತಿದ್ದೆ. ನೀವೇ ಬನ್ನಿ. ಆಣೆ ಹಾಕಿಸಿದವರು ಈಗಿಲ್ಲ, ತಿಳಿಯಬಾರದವಳಿಗೆ ತಿಳಿದಾಗಿದೆ. ನನ್ನ ಹೆರಿಗೆಯ ಹೊತ್ತಿಗೆ ನೀವು ಇಲ್ಲಿರಬೇಕು.

ಕೆಳಗೆ ಏನೆಂದು ಸಹಿ ಮಾಡಲಿ ತಿಳಿಯಲಿಲ್ಲ.

ನೀವು ಹೆಸರಿಟ್ಟ,
ಸುಖದಾ

ತಾ.ಕ.: ಬರೆದದ್ದನ್ನು ಅವ್ವನಿಗೆ ಓದಿ ತೋರಿಸಿದೆ. ನಿಮ್ಮ ವಿಳಾಸ ಆಕೆಗೆ ಬಾಯಿಪಾಠ. ಲಕೋಟೆಯ ಮೇಲೆ ಬರೆದವಳೂ ಆಕೆಯೇ. ಬರೆದು, ಇದನ್ನೂ ಸೇರಿಸು ಎಂದಳು: ‘ಲಗೂನ ಬರ್ರಿ ಅನ್ನು. ಬಾಣಂತಿಗಿ ಸ್ಕಾರ್ಫ್ ಹೆಂಗ ಕಟ್ಟಬೇಕಂತ ನನಗ ಗೊತ್ತಿಲ್ಲ. ನಾ ಎಂದೂ ಕಟಗೊಂಡಾಕಿ ಅಲ್ಲ.’