ನಮ್ಮ ಮನೆಯಲ್ಲಿ ಮಾರ್ಚ್ ಶುರುವಾಗಿಲ್ಲ

ಪೆಟಾಲಿಂಗ್ ಜಯಾ
29 ಫೆಬ್ರವರಿ 2021 (ತಪ್ಪು ಬರೆದಿಲ್ಲ, ಮುಂದೆ ಓದು)

ಪ್ರೀತಿಯ ಅಕ್ಕಾ,

ಸಮಸ್ತ ಸುಬಾಂಗ್ ಜಯಾಕ್ಕೆ, ಅಂದರೆ ನಿನಗೆ ಮತ್ತು ಭಾವನಿಗೆ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟರ ಪಕ್ಕದ ಖಾಲಿ ಚೌಕಕ್ಕೆ ಒಂದು ಹೊಸ ತಾರೀಖು ಅಂಟಿಸಲಾಗಿದೆ. ಗೋಂದೂ ಒಣಗಿದೆ.

ಆರೋಗ್ಯವೇ? ಮಂಡಿನೋವು ಹೇಗಿದೆ? ಭಾವ ಮನೆಯಿಂದಲೇ ಆಫೀಸು ಮಾಡುತ್ತಾ ಸಾರಿನ ಉಪ್ಪಿಗೆ ಸಲಹೆ ಕೊಡುವುದನ್ನು ನಿಲ್ಲಿಸಿದ್ದಾರೋ ಇಲ್ಲವೋ? ಇಲ್ಲಿ ನಾನು, ತುಳಸಿ, ಮಗಳು ಧೃತಿ ಮೂವರೂ ಕ್ಷೇಮ.

ಈ ಮಹಾನಗರದ ಇತಿಹಾಸದಲ್ಲಿ ಫೆಬ್ರವರಿ ಇಪ್ಪತ್ತೊಂಬತ್ತು ಸಾಮಾನ್ಯ ದಿನವಲ್ಲ. 2012ರಲ್ಲಿ ನಾನು ಮೈಸೂರಿನಿಂದ ಈ ಪರದೇಶಕ್ಕೆ ಬಂದಿಳಿದೆ. ನೀನು ನೇರ ಮಾಮಕ್ ತಿಂಡಿ ಅಂಗಡಿಗೆ ಎಳೆದೊಯ್ದು, "ಮೊದ್ಲು ತಿನ್ನು, ಅಳೋದು ಆಮೇಲೆ" ಎಂದೆ. 2016ರಲ್ಲಿ ನಿನ್ನ ಕುಕ್ಕರಿನ ಸೀಟಿ ಕೇಳಿ, ಬೆಂಕಿಯ ಗಂಟೆ ಎಂದುಕೊಂಡು ಇಡೀ ಅಪಾರ್ಟ್‌ಮೆಂಟು ಕೆಳಗಿಳಿಯಿತು. ಇನ್ನು 2020. ಕನ್ನಡ ಸಂಘದ ಊಟದಲ್ಲಿ ನಾನು ಮೈಕು ಹಿಡಿದು, ನಮ್ಮ ಗುಲಾಬಕ್ಕನ, ಅಂದರೆ ನಿನ್ನ, ಹೋಳಿಗೆಯಿಂದ ರಸ್ತೆ ಗುಂಡಿ ಮುಚ್ಚಬಹುದು ಎಂದೆ. ಸಭೆಯೆಲ್ಲ ನಕ್ಕಿತು. ನೀನು ನಗಲಿಲ್ಲ. "ಮುಂದಿನ ಫೆಬ್ರವರಿ ಇಪ್ಪತ್ತೊಂಬತ್ತರ ತನಕ ನಿನ್ನ ಹೊಸ್ತಿಲು ತುಳಿದ್ರೆ ಕೇಳೋ!" ನಿನ್ನ ಮನಸ್ಸಿನಲ್ಲಿದ್ದುದು ಒಂದು ವರ್ಷ. ಭಾವ ಬೆರಳು ಮಡಿಸಿ, "ಅದು ಬರೋದು ಇಪ್ಪತ್ನಾಲ್ಕಕ್ಕೆ ಕಣೇ" ಎಂದದ್ದೇ ತಡ, "ಬರ್ಲಿ ಬಿಡಿ!" ಎಂದು ಹಠ ಗಟ್ಟಿಯಾಯಿತು. ಮೂರು ವಾರದಲ್ಲಿ ಸರಕಾರವೂ ನಿನ್ನನ್ನೇ ನೋಡಿ ಕಲಿತಂತೆ ಎಲ್ಲರನ್ನೂ ಮನೆಯೊಳಗೆ ಕೂರಿಸಿತು.

ಜನವರಿಯಲ್ಲಿ ನಮಗೆ ಕೊರೊನಾ ಬಂದಾಗ ಹತ್ತು ದಿನ ಗೇಟಿಗೆ ಸಾರಿನ ಡಬ್ಬಿ ನೇತಾಡುತ್ತಿತ್ತು. ಹೆಸರಿಲ್ಲ. ನನಗೆ ವಾಸನೆಯೂ ಇರಲಿಲ್ಲ, ರುಚಿಯೂ ಇರಲಿಲ್ಲ. ಆದರೆ ಡಬ್ಬಿಯ ತಳದ ನೆಗ್ಗು ಗುರುತು ಸಿಕ್ಕಿತು. ಚಿಕ್ಕವನಿದ್ದಾಗ ಅದನ್ನು ಬೀಳಿಸಿದವನು ನಾನೇ, ಬೈಸಿಕೊಂಡವಳು ನೀನು.

ಆದ್ದರಿಂದ ನಮ್ಮ ಮನೆಯಲ್ಲಿ ಇವತ್ತು ಇಪ್ಪತ್ತೊಂಬತ್ತು. ನಾಳೆಯೂ ಅದೇ. ಒಬ್ಬರ ಮನೆಗೊಬ್ಬರು ಹೋಗಲು ಸದ್ಯದಲ್ಲೇ ಬಿಡುತ್ತಾರಂತೆ. ನೀನು ಬರುವ ತನಕ ಮಾರ್ಚ್ ಶುರುವಾಗುವುದಿಲ್ಲ. ನಿನ್ನ ಮಾತಿಗೆ ಕೂದಲಷ್ಟೂ ಭಂಗವಿಲ್ಲ. ತೊಂದರೆ ಒಂದೇ, ಮಾರ್ಚ್ ಏಳು ಧೃತಿಯ ಹುಟ್ಟುಹಬ್ಬ. "ಅಪ್ಪಾ, ನೋ ಮಾರ್ಚ್, ದೆನ್ ಮೈ ಬರ್ತ್‌ಡೇ ಹೌ? ಕಾಲ್ ಅತ್ತೆ ಲಾ!" ಎಂದು ಬೆಳಗಿನಿಂದ ನನ್ನ ಜೀವ ತಿನ್ನುತ್ತಿದ್ದಾಳೆ.

ಭಾವನಿಗೆ ನಮಸ್ಕಾರ. ನಿನ್ನ ಕಾಲಿಗೆ ಬಿದ್ದಿದ್ದೇನೆ. ಏಳು ಎನ್ನುವ ತನಕ ಏಳುವುದಿಲ್ಲ.

ನಿನ್ನ ತಮ್ಮ,
ವಿಠಲ

ತಾ.ಕ.: ಅವತ್ತು ಮೈಕು ಹಿಡಿಯುವ ಮೊದಲು ಐದು ಹೋಳಿಗೆ ತಿಂದಿದ್ದೆ. ಬೆಣ್ಣೆಯ ಹಾಗಿದ್ದವು. ನಾಲ್ಕು ಜನರನ್ನು ನಗಿಸುವ ಚಪಲಕ್ಕೆ ಸುಳ್ಳು ಹೇಳಿದೆ. ತಪ್ಪಾಯ್ತು ಅಕ್ಕಾ. ಇನ್ನೊಂದು: ಹತ್ತನೆಯ ದಿನ ನೀನು ಡಬ್ಬಿ ನೇತುಹಾಕದೆ ನಮ್ಮ ಗೇಟಿನ ಬೀಗದ ಹಳೇ ಕೋಡ್ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ, ನಾನು ಎದ್ದು ಬರುವಷ್ಟರಲ್ಲಿ ನೀನು ಡಬ್ಬಿ ಬಿಟ್ಟು ಹೋಗಿಬಿಟ್ಟಿದ್ದೆ. ಕೋಡ್ ಬದಲಾಗಿದೆ. ಕಾಗದದಲ್ಲಿ ಬರೆಯಕೂಡದೆಂದು ತುಳಸಿಯ ಅಪ್ಪಣೆ. ವಾಟ್ಸಾಪಿನಲ್ಲಿ ನನ್ನ ಬ್ಲಾಕ್ ತೆಗೆ, ಕಳಿಸುತ್ತೇನೆ.