ತಡೆದಿಟ್ಟ ನಾಲ್ಕು ಪತ್ರಗಳು

ಗುರುವಾರ, ಮಧ್ಯಾಹ್ನ

............ ಗುಬ್ಬಿಗೆ,

ನಿನ್ನ ಹೆಸರಿಗೆ ಮೊದಲು ಖಾಲಿ ಜಾಗ ಬಿಟ್ಟಿದ್ದೇನೆ, ನೋಡಿದೆಯಾ? ಅಲ್ಲಿ 'ಪ್ರೀತಿಯ' ಎಂದು ಬರೆಯಬೇಕಿತ್ತು. ಕೈ ಬರಲಿಲ್ಲ. ಕೋಪ ಇಳಿದರೆ ಬರೆಯುತ್ತೇನೆ. ಕಂಪ್ಯೂಟರ್ ಬಿಟ್ಟು ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂಬುದು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವಳಂತೆ ನಟಿಸಬೇಡ.

ಎದುರುಮನೆಯವರ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿದರೆಂದು ಕೇಳಿ ನೀನು ಓಡಿ ಬಂದೆ. ನಾನು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದು ಕಂಡು, ಅಯ್ಯೋ ಅಮ್ಮಾ, ಬೀಗದ ಕೈನ ಬೀಗಕ್ಕೇ ನೇತು ಹಾಕಿದ್ದೀಯಲ್ಲ ಅಂತ ತಲೆ ಚಚ್ಚಿಕೊಂಡೆ. ಸರಿ, ಮಾತು ನಿಜ. ಚೀಟಿಯನ್ನು ನಾನೇ ಅಲ್ಲೇ ಹರಿದೆಸೆದೆ.

ಆಮೇಲೆ ನೀನು ಹಾಕಿದ ಬೀಗಗಳಿವೆಯಲ್ಲ, ಅಬ್ಬಬ್ಬಾ! ಬಾಯಲ್ಲಿ ಗುಂಡುಪಿನ್ನು, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಟ್ಟೆ. ಕಂಪ್ಯೂಟರಿನಲ್ಲಿಟ್ಟ ತೋಳಿನ ಅಳತೆ ನೋಡಲು ತಲೆಯೆತ್ತಿದರೆ ಪರದೆ ಕಪ್ಪು. ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚುಕ್ಕೆ, ಅಷ್ಟು ಸಾಲದೆಂದು ಫೋನಿಗೆ ಬರುವ ಇನ್ನೊಂದು ಸಂಖ್ಯೆ. ಫೋನು ಬಟ್ಟೆಯ ರಾಶಿಯಡಿ. ಅದು ಸಿಗುವಷ್ಟರಲ್ಲಿ ಸಂಖ್ಯೆಯ ಆಯಸ್ಸು ಮುಗಿದಿರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತಲ್ಲೇ ಅಂದರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಮ್ಮಾ ಅಂದೆ. ಮಾಡಿಕೊಂಡೆ. ಗುಟ್ಟು ಕಾಯುವುದು ನನಗೇನು ಹೊಸದಲ್ಲ, ತಾಯಿ. ಈ ಬೀದಿಯ ಅರ್ಧ ಹೆಂಗಸರ ಸೊಂಟದ ಅಳತೆ ನನಗೆ ಗೊತ್ತು. ಒಂದಂಗುಲವೂ ನನ್ನ ಬಾಯಿಂದ ಹೊರಬಿದ್ದಿಲ್ಲ.

ಈಗ ಗುಂಡಿ ಅಂಗಡಿಯವರ ವಿಷಯ. ಕೋಟುಗಳಿಗೆ ಗುಂಡಿ ತರಿಸುವಾಗ ಈಮೇಲಿನಲ್ಲಿ ಪತ್ರವ್ಯವಹಾರ ಶುರುವಾಯಿತು. ಮೊದಲು ಗುಂಡಿಯ ಮಾತು, ಆಮೇಲೆ ಊಟ ಆಯ್ತಾ ಎಂಬ ಮಾತು. ನಿನ್ನ ಅಪ್ಪ ಹೋದ ಮೇಲೆ ನನ್ನನ್ನು ದಿನಾ ಅದನ್ನು ಕೇಳಿದವರು ಅವರೊಬ್ಬರೇ. ನೀನು ಬೀಗ ಹಾಕಿ ಹೋದ ಸ್ವಲ್ಪ ದಿನಕ್ಕೆ ಅವರ ಪತ್ರ ನಿಂತೇಹೋಯಿತು. ನಾನೇನು ತಪ್ಪು ಬರೆದೆನೋ ಎಂದು ಕೊರಗಿದೆ. ಮತ್ತೆ ನಾನಾಗಿಯೇ ಬರೆಯಲು ಬಿಗುಮಾನ. ನೀನು ಫೋನಿನಲ್ಲಿ, ಯಾಕಮ್ಮಾ ದನಿ ಸಪ್ಪಗಿದೆ ಅಂತ ಬೇರೆ ಕೇಳಿದೆ. ಕೇಳಲು ಬಾಯಾದರೂ ಹೇಗೆ ಬಂತೇ ನಿನಗೆ?

ಕೊನೆಗೆ ಬಿಗುಮಾನ ಬಿಟ್ಟು ಅವರಿಗೆ ಎರಡು ಸಾಲು ಬರೆಯಲು ಕೂತೆ. ಬರೆಯುತ್ತಿದ್ದಂತೆ ಪರದೆಯ ಮೇಲಿನ ಬಾಣ ತಾನಾಗಿ ಓಡಿತು. ನಾನು ಮೌಸ್ ಮುಟ್ಟಿರಲಿಲ್ಲ. ನನ್ನ ಪುಟ ಕಣ್ಣೆದುರೇ ಮುಚ್ಚಿಕೊಂಡಿತು. ಕಳ್ಳ ಬಂದನೆಂದು ಗೋಡೆಯ ಪ್ಲಗ್ಗನ್ನೇ ಕಿತ್ತೆ. ಪ್ಲಗ್ಗು ಇನ್ನೂ ಕೈಯಲ್ಲೇ ಇತ್ತು, ಅಷ್ಟರಲ್ಲಿ ನಿನ್ನ ಫೋನು: ಅಮ್ಮಾ, ಕಂಪ್ಯೂಟರ್ ಯಾಕೆ ಆಫ್ ಮಾಡ್ದೆ? ಅಲ್ಲವೇ, ನಿನ್ನ ಕಚೇರಿ ಎಲ್ಲಿ, ನನ್ನ ಹೊಲಿಗೆ ಕೋಣೆ ಎಲ್ಲಿ? ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಸುಮ್ನೆ ಅಂದಾಜು ಅಂದೆ.

ಹೊಲಿಗೆ ಬದಿಗಿಟ್ಟು, ಪ್ಲಗ್ಗು ಮತ್ತೆ ಹಾಕಿ ಹುಡುಕಿದೆ. ನೀನು ಊರ ಕಳ್ಳರಿಗೆಲ್ಲ ಬಾಗಿಲು ಹಾಕಿ ನಿನಗೊಂದು ಹಿಂಬಾಗಿಲು ಮಾಡಿಕೊಂಡಿದ್ದೆ. ನನ್ನ ಪರದೆಯಲ್ಲಿ ಕಾಣುವುದೆಲ್ಲ ನಿನ್ನ ಪರದೆಯಲ್ಲೂ ಕಾಣುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳಲಿ? ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ, ಮಗಳಿಗೆ ಭಯ ಎಂದುಕೊಳ್ಳುತ್ತಿದ್ದೆ. ಆಮೇಲೆ ಯಾರ ಪತ್ರ ನನಗೆ ಬರದಂತೆ ತಡೆದಿದ್ದೀಯೋ ಆ ಪಟ್ಟಿ ತೆರೆದೆ. ಲೋಕದ ತುಂಬ ಮೋಸಗಾರರು ಅನ್ನುತ್ತಿದ್ದೆಯಲ್ಲ, ಆ ಪಟ್ಟಿಯಲ್ಲಿದ್ದದ್ದು ಗುಂಡಿಯವರೊಬ್ಬರೇ. ನಾಲ್ಕು ಪತ್ರ ಅಲ್ಲಿ ಬಿದ್ದಿದ್ದವು. ನಾನು ನೋಡುವ ಮೊದಲೇ ನಾಲ್ಕನ್ನೂ ಯಾರೋ ತೆರೆದು ಓದಿದ್ದರು.

ಕೊನೆಯದರಲ್ಲಿ, ಕಣ್ಣಿನ ಆಪರೇಷನ್ ಇದೆ, ಜೊತೆಗೆ ಯಾರೂ ಇಲ್ಲ, ನೀವು ಬರ್ತೀರಾ, ಉತ್ತರ ಬರದಿದ್ದರೆ ಮತ್ತೆ ತೊಂದರೆ ಕೊಡೋಲ್ಲ ಎಂದಿತ್ತು. ಅದನ್ನು ಓದಿಯೂ ಸುಮ್ಮನಿದ್ದೆಯಲ್ಲೇ! ದುಡ್ಡು ಕೇಳಿದರಾ? ಒಡವೆ ಕೇಳಿದರಾ? ಪಕ್ಕದಲ್ಲಿ ಬಂದು ಕೂತ್ಕೊಳ್ಳಿ ಅಂದರು. ಒಬ್ಬರೇ ಹೋಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಗೋಡೆ ತಡವಿಕೊಂಡು ಮೆಟ್ಟಿಲು ಹತ್ತಿದರಂತೆ.

ಹಿಂಬಾಗಿಲು ಮುಚ್ಚಿದ್ದೇನೆ. ಬ್ಯಾಂಕಿಗೂ ಗಿರಾಕಿಗಳ ಅಳತೆಗೂ ನಿನ್ನ ಬೀಗಗಳೆಲ್ಲ ಇರಲಿ, ಅದು ನ್ಯಾಯ. ಬಟ್ಟೆ ಕತ್ತರಿಸುವಾಗ ನೋಡುವ ನಕ್ಷೆಗಳನ್ನು ಮಾತ್ರ ಬೇರೆ ಇಟ್ಟಿದ್ದೇನೆ, ಆ ಪರದೆ ನನ್ನ ಕೆಲಸ ಮುಗಿಯುವ ತನಕ ಕಪ್ಪಾಗುವುದಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಎಲ್ಲೂ ಬರೆದಿಟ್ಟಿಲ್ಲ. ಯಾರ ಪತ್ರ ಬರಬೇಕು, ಯಾರದು ಬೇಡ ಎಂಬುದನ್ನು ಇನ್ನು ನಾನೇ ನೋಡಿಕೊಳ್ಳುತ್ತೇನೆ.

ಇಷ್ಟು ದಿನ ನಿನ್ನ ಭದ್ರ ಕಾವಲಿನಲ್ಲಿದ್ದ,
ಅಮ್ಮ

ಮತ್ತೊಂದು ಮಾತು: ಮನೆಗೆ ಫೋನು ಮಾಡಿ ಗಾಬರಿಯಾಗಬೇಡ, ನಾನು ಅಲ್ಲಿಲ್ಲ. ಇದನ್ನು ಬರೆಯುತ್ತಿರುವುದು ಗುಂಡಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಅವರ ಮೇಜಿನ ಮೇಲೆ. ಹೊತ್ತಿಗೆ ಸರಿಯಾಗಿ ಔಷಧಿ ಹಾಕುವವರಿಲ್ಲದೆ ಆ ಕಣ್ಣು ಹೋಯಿತು. ಇನ್ನೊಂದು ಚೆನ್ನಾಗಿದೆ. ಈ ಕಾಗದ ಓದಿ ಹೇಳಿದಾಗ ಅವರು, ಪಾಪ, ಹುಡುಗಿ ಹೆದರಿ ಮಾಡಿದ್ದಾಳೆ, ಆ 'ಪ್ರೀತಿಯ' ಬರೆದುಬಿಡಿ ಅಂದರು. ಅವರ ಮನಸ್ಸು ದೊಡ್ಡದು, ನನ್ನದು ಇನ್ನೂ ಅಷ್ಟಾಗಿಲ್ಲ. ಅಂಗಡಿಯ ವಿಳಾಸ ಅವರ ಪ್ರತಿ ಪತ್ರದ ಕೆಳಗೂ ಇತ್ತು, ನೀನು ಓದಿದ್ದೀಯ. ಬಂದು ಬಾಗಿಲು ತಟ್ಟು, ಅವರ ಎದುರು ನಿಂತು ಮಾತಾಡು. ಈ ಕಾಗದವನ್ನೂ ಜೊತೆಗೆ ತಾ. ಪೆನ್ನು ಇಲ್ಲೇ ಮೇಜಿನ ಮೇಲಿರುತ್ತದೆ.